ಮನೆಯ ಚಿತ್ರವೂ ವಿಶಾಲಕೋನದ ಮಸೂರವೂ

ಗೃಹಸ್ಥರ ಮನೆಗಳಲ್ಲಿ ಡಿಜಿಟಲ್ ಕ್ಯಾಮರಾ ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಮದುವೆ ಮುಂಜಿಗಳಿಗೆಂದು ಕೊಂಡ ಕ್ಯಾಮರಾವೊಂದು ಕಪಾಟಿನಲ್ಲಿರುತ್ತದೆ. ಅದರೊಡನೆ ಬಂದ ೧೮–೫೫ ಮಿಲಿಮೀಟರಿನ ಮಸೂರವೂ ಇರುತ್ತದೆ. ಕೆಲವು ಕಾಲದ ಮೇಲೆ ಮನೆಯ ಹುಡುಗರು, “ಇದರಲ್ಲಿ ಎಲ್ಲರೂ ಹಿಡಿಸುವುದಿಲ್ಲ, ವೈಡ್ ಆಂಗಲ್ ಲೆನ್ಸ್ ಬೇಕು” ಎಂದು ಕೇಳತೊಡಗುತ್ತಾರೆ. ಹಣ ಕೊಡತಕ್ಕವರು ಹಿರಿಯರಾದ್ದರಿಂದ, ಆ ವಸ್ತುವಿನ ಗುಣದೋಷಗಳನ್ನು ಅವರೂ ಅಷ್ಟಿಷ್ಟು ತಿಳಿದಿರುವುದು ಯುಕ್ತವೆಂದು ನಮಗೆ ತೋರುತ್ತದೆ. ನಾವು ಛಾಯಾಚಿತ್ರಕಾರರಲ್ಲ, ಜೀವಮಾನವೆಲ್ಲ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟವರು. ಆದರೆ ಭಾವಿಕೇರಿಯಲ್ಲಿರುವ ನಮ್ಮ ಹಿರಿಯರ ಮನೆಯನ್ನು ಬಿಚ್ಚುವ ಮೊದಲು ಅದರದೊಂದು ಚಿತ್ರ ತೆಗೆಯಿಸಬೇಕಾಗಿ ಬಂದು, ಆ ನಿಮಿತ್ತದಿಂದ ಈ ವಿಷಯವನ್ನು ಕಲಿತೆವು. ಕಲಿತದ್ದು ಚಿತ್ರ ತೆಗೆದ ಮೇಲೆ.

ಮಸೂರವೆಂದರೆ ಸಂಸ್ಕೃತದಲ್ಲಿ ಚನ್ನಂಗಿ ಬೇಳೆ. ಲ್ಯಾಟಿನ್ ಭಾಷೆಯ ‘ಲೆನ್ಸ್’ ಶಬ್ದಕ್ಕೂ ಅದೇ ಬೇಳೆಯೆಂದೇ ಅರ್ಥ. ನಡುವೆ ಉಬ್ಬಿದ ಗಾಜನ್ನು ಕಂಡೊಡನೆ ವಿದ್ವಾಂಸರಿಗೂ ಅಡಿಗೆಮನೆಯ ಡಬ್ಬಿಯೇ ನೆನಪಾಯಿತೆಂಬುದು ನಮ್ಮ ಗೃಹಿಣಿಯರಿಗೆ ಸಂತೋಷದ ಮಾತಾಗಬಹುದು.

ಮಸೂರದ ಮೇಲೆ ಬರೆದಿರುವ ಅಂಕೆಯು ಅದರ ಸಂಗಮದೂರ. ಅದು ಕಡಿಮೆಯಾದಷ್ಟೂ ಕಾಣುವ ನೋಟ ಅಗಲವಾಗುವುದು. ಆದರೆ ಅಂಕೆಯೊಂದನ್ನೇ ನಂಬತಕ್ಕದ್ದಲ್ಲ. ೩೬ ಮಿ.ಮೀ. ಅಗಲ, ೨೪ ಮಿ.ಮೀ. ಎತ್ತರದ ಪೂರ್ಣಾಕಾರದ ಸಂವೇದಕವುಳ್ಳ ಕ್ಯಾಮರಾದಲ್ಲಿ ೨೪ ಮಿ.ಮೀ. ಮಸೂರವು ಮೂಲೆಯಿಂದ ಮೂಲೆಗೆ ೮೪ ಡಿಗ್ರಿ ನೋಡುತ್ತದೆ; ೧೬ ಮಿ.ಮೀ. ಸುಮಾರು ೧೦೭ ಡಿಗ್ರಿ. ಮನೆಮಂದಿ ಸಾಮಾನ್ಯವಾಗಿ ಕೊಳ್ಳುವ ಕ್ಯಾಮರಾಗಳ ಸಂವೇದಕ ಇದಕ್ಕಿಂತ ಚಿಕ್ಕದು. ಆದ್ದರಿಂದ ಅಂಥ ನಿಕಾನ್, ಸೋನಿಗಳಲ್ಲಿ ಅಂಕೆಯನ್ನು ೧.೫ ರಿಂದಲೂ, ಕ್ಯಾನನ್ ಆದರೆ ೧.೬ ರಿಂದಲೂ ಗುಣಿಸಿ ನೋಡಬೇಕು. ಅಲ್ಲಿ ೧೦ ಎಂದು ಬರೆದಿದ್ದರೆ ಅದು ೧೫ ಅಥವಾ ೧೬ ರ ಕೆಲಸವನ್ನು ಮಾಡುವುದು.

ನಮ್ಮ ಮನೆಯ ಜಗಲಿ ೨೫ ಅಡಿ ಉದ್ದ. ಎದುರಿನ ಪಾಗಾರಕ್ಕೆ ಬೆನ್ನು ಹಚ್ಚಿ ನಿಂತರೂ ಜಗಲಿಗೆ ೧೨ ಅಡಿಗಿಂತ ಹೆಚ್ಚು ದೂರವಾಗದು. ತಮ್ಮನ ಮಗನ ಕ್ಯಾನನ್ನಿನಲ್ಲಿ ಅಷ್ಟು ದೂರದಿಂದ ೧೮ ಮಿ.ಮೀ. ಮಸೂರಕ್ಕೆ ಕಾಣುವುದು ೧೫ ಅಡಿ ಮಾತ್ರ, ೧೦ ಮಿ.ಮೀ. ಮಸೂರಕ್ಕೆ ಸುಮಾರು ೨೭ ಅಡಿ. ಹಿಂದೆ ಸರಿಯಲು ಸ್ಥಳವಿಲ್ಲದ ಇಂಥ ಕಡೆಗೇ ವಿಶಾಲಕೋನದ ಮಸೂರ ಬೇಕಾದದ್ದು. ಬೇಲೇಕೇರಿಯ ಕಡಲದಂಡೆಯಲ್ಲಿ ಅದನ್ನು ಹಿಡಿದು ನಿಂತರೆ ದೋಣಿಗಳು ಇರುವೆಗಳಾಗುವವು, ಆಚೆಯ ಗುಡ್ಡಗಳು ಕುಗ್ಗುವವು. ಮುಕ್ಕಾಲು ಚಿತ್ರ ಮರಳು ಮತ್ತು ಆಕಾಶ. ಸುಗ್ಗಿಯ ಮೇಳ ಅಂಗಳಕ್ಕೆ ಬಂದಾಗ ಮಾತ್ರ ಕುಣಿಯುವವರ ತೀರ ಹತ್ತಿರ ನಿಂತು ತೆಗೆದರೆ, ಮುಂದಿನವನ ತುರಾಯಿ ಮುಗಿಲಿಗೆ ಮುಟ್ಟಿದಂತೆ ಕಂಡು ಸೊಗಸಾಗುತ್ತದೆ.

ಇನ್ನು ಯಾವುದನ್ನು ಕೊಳ್ಳಬೇಕೆಂಬ ಮಾತು. ಕ್ಯಾನನ್ನಿನ ಕನ್ನಡಿಯುಳ್ಳ ಚಿಕ್ಕ ಕ್ಯಾಮರಾಗಳಿಗೆ ೨೦೧೪ ರಲ್ಲಿ ಬಂದ ೧೦–೧೮ ಮಿ.ಮೀ. ಮಸೂರದ ತೂಕ ೨೪೦ ಗ್ರಾಂ. ನಿಕಾನ್ ೨೦೧೭ ರಲ್ಲಿ ತಂದ ೧೦–೨೦ ರದು ೨೩೦ ಗ್ರಾಂ. ಎರಡರಲ್ಲಿಯೂ ಕೈಯ ನಡುಕವನ್ನು ತಡೆಯುವ ಯುಕ್ತಿ ಇದೆ. ಎರಡರಲ್ಲಿಯೂ ಬೆಳಕಿನ ದ್ವಾರ ಎಫ್/೪.೫ ಕ್ಕಿಂತ ಹೆಚ್ಚು ತೆರೆಯದು. ಟೋಕಿನಾ ಕಂಪನಿಯ ೧೧–೧೬ ರ ಮಸೂರ ಎಫ್/೨.೮ ರ ವರೆಗೆ ತೆರೆಯುವುದರಿಂದ ಸುಮಾರು ಎರಡೂವರೆ ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಆದರೆ ತೂಕ ಅರ್ಧ ಕಿಲೋ ಮೀರುವುದು. ಕತ್ತಲೆಯ ನಡುಮನೆಯಲ್ಲಿ ಓಡಾಡುವ ಮಕ್ಕಳನ್ನು ಹಿಡಿಯಬೇಕಾದರೆ ಟೋಕಿನಾ. ಗೋಡೆ, ಕಂಬ, ದೇವರ ಮಂಟಪಗಳು ಕದಲದೆ ನಿಲ್ಲತಕ್ಕವಾದ್ದರಿಂದ ಅವುಗಳಿಗೆ ಹಗುರಾದವುಗಳೇ ಸಾಕೆಂದು ನಮ್ಮ ಅಭಿಪ್ರಾಯ. ನಿಕಾನಿನವರು ಒಂದು ಎಚ್ಚರವಿಡಬೇಕು: ಆ ೧೦–೨೦ ರ ಮಸೂರ ಡಿ೩೨೦೦, ಡಿ೫೧೦೦, ಡಿ೭೦೦೦ ಮುಂತಾದ ಹಳೆಯ ಕ್ಯಾಮರಾಗಳ ಮೇಲೆ ಕೂತರೂ ಅಲ್ಲಿ ಚಿತ್ರವನ್ನು ಸ್ಫುಟಗೊಳಿಸಲಾರದು.

ಕನ್ನಡಿಯಿಲ್ಲದ ಹೊಸ ಕ್ಯಾಮರಾಗಳಲ್ಲಿ ಈ ತಾರತಮ್ಯ ಬದಲಾಗಿದೆ. ಒಳಗೆ ಕನ್ನಡಿ ಇದ್ದಾಗ ಮಸೂರವನ್ನು ಸಂವೇದಕದಿಂದ ದೂರ ಕೂಡಿಸಬೇಕಾಗುತ್ತಿತ್ತು: ಕ್ಯಾನನ್ನಿನಲ್ಲಿ ೪೪ ಮಿ.ಮೀ., ನಿಕಾನಿನಲ್ಲಿ ೪೬.೫. ಸಂಗಮದೂರ ಹತ್ತೇ ಮಿ.ಮೀ. ಇರುವ ಗಾಜಿಗೆ ಇದು ದೊಡ್ಡ ತೊಡಕು. ಕನ್ನಡಿ ಹೋದ ಮೇಲೆ ಆ ದೂರ ೨೦ ಮತ್ತು ೧೬ ಕ್ಕೆ ಇಳಿಯಿತು. ೨೦೨೩ ರಲ್ಲಿ ಬಂದ ಸಿಗ್ಮಾದ ೧೦–೧೮ ಎಫ್/೨.೮ ರವರೆಗೆ ತೆರೆದರೂ ಸುಮಾರು ೨೬೦ ಗ್ರಾಂ ಮಾತ್ರ. ಹೊಸದಾಗಿ ಎಲ್ಲವನ್ನೂ ಕೊಳ್ಳುವವರು ಈ ಮಾರ್ಗವನ್ನೇ ಹಿಡಿಯುವುದು ಲೇಸು.

ಯಾವ ಕಂಪನಿಯ ಗಾಜಾದರೂ ತಪ್ಪಿಸಲಾರದ ಸಂಗತಿಯೊಂದಿದೆ. ನಾವು ಮೋಸಹೋದದ್ದು ಅಲ್ಲಿ. ಗೋಡೆಯ ಮುಂದೆ ದೀಪವಿಟ್ಟು, ನಡುವೆ ಒಂದು ಲಿಂಬೆಕಾಯನ್ನು ಹಿಡಿಯಿರಿ. ದೀಪಕ್ಕೆ ನೇರವಾಗಿದ್ದಾಗ ನೆರಳು ದುಂಡಗಿರುತ್ತದೆ. ಅದೇ ಕಾಯನ್ನು ಪಕ್ಕಕ್ಕೆ ಒಯ್ದಂತೆ ನೆರಳು ಮೊಟ್ಟೆಯಂತೆ ಉದ್ದಗಾಗುವುದು. ಚಪ್ಪಟೆಯಾದ ಸಂವೇದಕದ ಮೇಲೆ ನೇರ ಗೆರೆಗಳನ್ನು ನೇರವಾಗಿಯೇ ಮೂಡಿಸುವ ಪ್ರತಿಯೊಂದು ಮಸೂರವೂ ಮನುಷ್ಯನ ತಲೆಯನ್ನು ಹೀಗೆಯೇ ಎಳೆಯುತ್ತದೆ. ೧೮ ಮಿ.ಮೀ. ನಲ್ಲಿ ಅಂಚಿನ ಮುಖ ಐದರಲ್ಲೊಂದು ಪಾಲೂ ಹಿಗ್ಗದು. ೧೦ ರಲ್ಲಿ ಎತ್ತರದ ಒಂದೂವರೆ ಪಟ್ಟು ಅಗಲವಾಗುವುದು. ಮೀನುಗಣ್ಣಿನ ಮಸೂರವೆಂಬುದು ತಲೆಗಳನ್ನು ಅಷ್ಟಾಗಿ ಕೆಡಿಸದು. ಬದಲಾಗಿ ಕಂಬಗಳನ್ನು ಬಗ್ಗಿಸುತ್ತದೆ.

೨೦೨೩ ರ ಏಪ್ರಿಲ್ ತಿಂಗಳಲ್ಲಿ ನಮ್ಮವರು ಹದಿನಾಲ್ಕು ಜನ ಕೂಡಿದ್ದರು. ತಮ್ಮನ ಮಗ ಮೊದಲು ೧೮ ರಿಂದ ಪರೀಕ್ಷಾರ್ಥವಾಗಿ ಒಂದು ಚಿತ್ರ ತೆಗೆದ. ಎಲ್ಲರೂ ಎರಡು ಸಾಲಿನಲ್ಲಿ ಒತ್ತಿ ಕೂತೆವು, ನಡುವೆ ನಮ್ಮ ಸೋದರತ್ತೆಯವರು. “ದೊಡ್ಡಪ್ಪಾ, ಮನೆಯೇ ಬರಲಿಲ್ಲ” ಎಂದು ಅವನು ಎರವಲು ತಂದ ೧೦–೧೮ ನ್ನು ತೊಡಿಸಿದ. ಈಗ ಜಗಲಿಯೆಲ್ಲ ಕಂಡಿತು. ಎಲ್ಲರೂ ಹರಡಿ ಕೂರಬಹುದೆಂದು ಹೇಳಿದವರು ನಾವೇ. ಅತ್ತೆಯವರು ಎದ್ದು, ದಿನವೂ ಬತ್ತಿ ಹೊಸೆಯುತ್ತಿದ್ದ ಕೊನೆಯ ಕಂಬದ ಬುಡಕ್ಕೆ ಹೋದರು. ಕ್ಯಾಮರಾದ ಬೆನ್ನಿನ ಸಣ್ಣ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ತೋರಿತು. ಜನರನ್ನು ಚಿತ್ರದ ನಡುವಣ ಅರ್ಧದೊಳಗೆ ಕೂಡಿಸಿ, ಅಂಚುಗಳನ್ನು ಗೋಡೆ ಬಾಗಿಲುಗಳಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಕ್ಯಾಮರಾವನ್ನು ಮೇಲಕ್ಕೂ ಕೆಳಕ್ಕೂ ವಾಲಿಸದೆ ಹಿಡಿದಿದ್ದರೆ ಕಂಬಗಳೂ ನೆಟ್ಟಗೆ ನಿಲ್ಲುತ್ತಿದ್ದವು.

ಮೇ ತಿಂಗಳಲ್ಲಿ ಮಾಡು ಇಳಿಯಿತು. ದೊಡ್ಡದಾಗಿ ಮುದ್ರಿಸಿದ ಚಿತ್ರ ಬಂದದ್ದು ಆ ಮೇಲೆ. ಅತ್ತೆಯವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ತಮ್ಮಾ, ಆ ಕಂಬದ ಹತ್ತಿರ ಕೂತವಳು ಯಾರೋ?” ಎಂದು ಕೇಳಿದರು. ನಾವು ಉತ್ತರ ಕೊಡಲಿಲ್ಲ. ಅದೇ ವರ್ಷದ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು.

ಹುಡುಗ ಗಣಕಯಂತ್ರದಲ್ಲಿ ಆ ಮುಖವನ್ನು ತಿದ್ದಿದ. ಮುಖವೇನೋ ದುಂಡಗಾಯಿತು; ಕಂಬ ಬಿಲ್ಲಿನಂತೆ ಬಾಗಿತು. ಎರಡನ್ನೂ ಎದುರಿಗಿಟ್ಟುಕೊಂಡು ಮನೆಯಲ್ಲಿ ನಾಲ್ಕು ದಿನ ಚರ್ಚೆ ನಡೆಯಿತು. ಕೊನೆಗೆ ಹೊಸ ಮನೆಯ ನಡುಕೋಣೆಯ ಗೋಡೆಗೆ ಏರಿದ್ದು ೧೮ ರ ಪರೀಕ್ಷೆಯ ಚಿತ್ರ. ಅದರಲ್ಲಿ ಮಾಡಿನ ಅಂಚು ಇಲ್ಲ, ಕೊನೆಯ ಕಂಬವಿಲ್ಲ, ತುಳಸಿಕಟ್ಟೆ ಅರ್ಧಕ್ಕೆ ಕಡಿದುಹೋಗಿದೆ. ಅತ್ತೆಯವರು ಮಾತ್ರ ನಡುವೆ ಕೂತು, ಪಕ್ಕದ ಮೊಮ್ಮಗುವಿಗೆ ಏನನ್ನೋ ಹೇಳುತ್ತಿದ್ದಾರೆ.