ನಗೆಯ ಹಿಂದಿನ ಲೇಖನಿ

ಚಪ್ಪಾಳೆಯು ನಟನಿಗೆ ಸಲ್ಲುವದು. ಅವನ ಬಾಯಿಗೆ ಮಾತನ್ನಿತ್ತವನನ್ನು ಕೇಳುವವರಾರು? ನಾಟಕ ಮಂಡಳಿಯ ವಿದೂಷಕನು ಒಂದೇ ಪ್ರಹಸನವನ್ನು ಊರೂರಿಗೆ ಒಯ್ದು ವರ್ಷಗಟ್ಟಲೆ ನಡೆಸಬಲ್ಲನು. ಬಾನುಲಿಯಾದರೋ ಅಂತಹುದನ್ನು ಒಂದೇ ಸಂಜೆಯಲ್ಲಿ ನುಂಗಿ, ಮರುವಾರ ಮತ್ತೊಂದನ್ನು ಬೇಡುವದು. ಈ ತೀರದ ಹಸಿವನ್ನು ತಣಿಸುವ ಲೇಖಕನ ಹೆಸರನ್ನು ಶ್ರೋತೃಗಳು ಬಲ್ಲದೆ ಇರುವದೇ ಹೆಚ್ಚು.

ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡನ್ನೆಲ್ಲ ನಗಿಸಿದವನು ಟಾಮಿ ಹ್ಯಾಂಡ್ಲಿ. 1939ರಿಂದ 1949ರ ವರೆಗೆ ಬಿ.ಬಿ.ಸಿ.ಯಲ್ಲಿ ಅವನ 'ಇಟ್ಮಾ' ಕಾರ್ಯಕ್ರಮಕ್ಕೆ ಮಾತು ಹೊಸೆದವನು ಟೆಡ್ ಕ್ಯಾವನಾ. ಬಾಗಿಲು ತೆರೆದ ಸದ್ದಾಗುವದು, ಒಂದು ಪಾತ್ರ ಬಂದು ತನ್ನ ಮಾಮೂಲಿ ಪಲ್ಲವಿಯನ್ನು ನುಡಿಯುವದು, ದೇಶವೆಲ್ಲ ನಗುವದು. ಚತುರ ಉಪಾಯವೇ ಸರಿ, ಆದರೆ ಅದು ಪಲ್ಲವಿಯ ನಗೆ.

ಸ್ವಭಾವದ ನಗೆಯನ್ನು ಬಾನುಲಿಗೆ ತಂದವರಲ್ಲಿ ರೇ ಗಾಲ್ಟನ್, ಅಲನ್ ಸಿಂಪ್ಸನ್ ಎಂಬವರು ಅಗ್ರಗಣ್ಯರು. ಸರ್ರೆ ಪ್ರಾಂತದ ಮಿಲ್‌ಫರ್ಡ್ ಕ್ಷಯರೋಗ ಚಿಕಿತ್ಸಾಲಯದಲ್ಲಿ, ಮೃತ್ಯುವಿನ ನೆರಳಿನಲ್ಲಿ ಮಲಗಿದ್ದ ಈ ತರುಣರು ಅಲ್ಲಿಯೇ ಗೆಳೆಯರಾಗಿ, ಸಹರೋಗಿಗಳ ರೇಡಿಯೋಕ್ಕೆ ಹಾಸ್ಯ ಬರೆಯತೊಡಗಿದರು. ಅವರ 'ಹ್ಯಾನ್‌ಕಾಕನ ಅರ್ಧ ಗಂಟೆ'ಯು 1954ರ ನವೆಂಬರದಲ್ಲಿ ಆರಂಭವಾಯಿತು. ನಡುನಡುವೆ ಹಾಡಿಲ್ಲ, ಇರುವದು ಬಡಾಯಿಯ, ಸೋಲುವ, ಸೋತರೂ ಸೊಕ್ಕು ಬಿಡದ ಒಬ್ಬ ಮನುಷ್ಯ. 1958ರ ಒಂದು ಕಂತಿನಲ್ಲಿ ಏನೂ ನಡೆಯುವದೇ ಇಲ್ಲ! ಮಳೆಯ ಭಾನುವಾರ, ಹೊತ್ತು ಹೋಗದ ಜನ, ಆಕಳಿಕೆ, ನಿಟ್ಟುಸಿರು, ಮೌನ. ಕಣ್ಣಿಗೆ ಏನೂ ಕಾಣದ ಬಾನುಲಿಯಲ್ಲಿ ಮೌನವನ್ನು ಬರೆದು ನಗಿಸುವದು ಸಾಮಾನ್ಯ ಧೈರ್ಯವಲ್ಲ.

ಟೋನಿ ಹ್ಯಾನ್‌ಕಾಕನು 1956ರಲ್ಲಿ ಇದೇ ಲೇಖಕರೊಡನೆ ಟೆಲಿವಿಷನ್ನಿಗೂ ಬಂದನು. 1961ರ ರಕ್ತದಾನಿಯ ಕಂತು ಅವನ ಕೀರ್ತಿಶಿಖರ. ಅದಕ್ಕೆ ತುಸು ಮೊದಲು ಮೋಟಾರು ಅಪಘಾತದಲ್ಲಿ ಗಾಯಗೊಂಡಿದ್ದ ಅವನಿಗೆ ಮಾತುಗಳನ್ನು ಕಂಠಪಾಠ ಮಾಡಲಾಗಲಿಲ್ಲ. ಕ್ಯಾಮರಾದ ಬಳಿ ಇಟ್ಟ ಬರಹವನ್ನು ಓದುತ್ತ ಅಭಿನಯಿಸಿದನು. ಲಕ್ಷ್ಯವಿಟ್ಟು ನೋಡಿದರೆ, ಎದುರಿನ ಪಾತ್ರವನ್ನು ಬಿಟ್ಟು ಅವನ ಕಣ್ಣು ಬರಹದತ್ತ ಜಾರುವದು ಕಾಣುತ್ತದೆ. ಹಾಗಿದ್ದೂ ನಗೆಗೆ ಕುಂದಿಲ್ಲ.

ಆ ವರ್ಷವೇ ಹ್ಯಾನ್‌ಕಾಕನು ತನ್ನ ಲೇಖಕರಿಂದ ಬೇರೆಯಾದನು. ಇದನ್ನು ಕೃತಘ್ನತೆಯೆಂದು ಜರೆಯುವದು ಉಚಿತವಲ್ಲ. ತಾನು ಆ ಒಂದೇ ಪಾತ್ರವಲ್ಲವೆಂದು ತೋರಿಸುವ ಹಂಬಲವು ಯಾವ ನಟನಿಗಿಲ್ಲ? ಆದರೆ ಬೇರೆ ಲೇಖಕರು ಬರೆದ 1963ರ ಮಾಲೆಯು ಮೊದಲಿನ ಎತ್ತರಕ್ಕೆ ಏರಲಿಲ್ಲ. ಗಾಲ್ಟನ್ ಮತ್ತು ಸಿಂಪ್ಸನ್ನರಾದರೋ ಹಾಸ್ಯಗಾರರನ್ನು ಬಿಟ್ಟು ನಾಟಕದ ನಟರನ್ನು ಆರಿಸಿಕೊಂಡು, ಗುಜರಿ ವ್ಯಾಪಾರದ ತಂದೆ ಮಗನ ಕಥೆಯಾದ 'ಸ್ಟೆಪ್ಟೋ ಆ್ಯಂಡ್ ಸನ್' ಬರೆದರು. 1962ರಲ್ಲಿ ತೊಡಗಿದ ಅದು, ನಡುವೆ ಬಿಡುವುಗಳಿದ್ದರೂ, 1974ರ ವರೆಗೆ ನಡೆಯಿತು. ಹ್ಯಾನ್‌ಕಾಕನು 1968ರಲ್ಲಿ, ತನ್ನ ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ, ಸಿಡ್ನಿ ನಗರದಲ್ಲಿ ಆತ್ಮಹತ್ಯೆ ಮಾಡಿಕೊಂಡನು.

ಅವನ ಬಾನುಲಿ ಕಂತುಗಳಲ್ಲಿ ಕೆಲವಕ್ಕೆ ಧ್ವನಿಮುದ್ರಣವೇ ಉಳಿಯಲಿಲ್ಲ. ಬರಹವಿತ್ತು. 2014ರಲ್ಲಿ ಬಿ.ಬಿ.ಸಿ.ಯು ಅದೇ ಬರಹವನ್ನು ಕೆವಿನ್ ಮ್ಯಾಕ್‌ನಲಿ ಎಂಬ ನಟನ ಬಾಯಿಂದ ಸಭಿಕರ ಮುಂದೆ ಆಡಿಸಿತು, ಸಭೆ ನಕ್ಕಿತು. ಬರೆದವರಿಬ್ಬರೂ ಆಗ ಇನ್ನೂ ಬದುಕಿದ್ದರು.