ಅಕ್ಷತೆ ಬೀಳುವಾಗ ಚಿತ್ರ ಯಾಕೆ ಒಡೆಯುತ್ತದೆ?

ಮದುವೆ, ಗೃಹಪ್ರವೇಶ, ನಾಮಕರಣಗಳ ವಿಡಿಯೋ ಸೀಡಿ, ಡಿವಿಡಿಯಲ್ಲಿ ಬರುತ್ತಿದ್ದ ಕಾಲವೊಂದಿತ್ತು. ಅದಕ್ಕೂ ಮುಂಚೆ ವಿಎಚ್‌ಎಸ್ ಕ್ಯಾಸೆಟ್ಟು, ಆಮೇಲೆ ಪೆನ್‌ಡ್ರೈವು. ನಡುವಿನ ಹತ್ತು ಹದಿನೈದು ವರ್ಷಗಳಲ್ಲಿ ಮದುವೆಯಾದವರ ಮನೆಗಳಲ್ಲಿ ಆ ಡಿಸ್ಕುಗಳು ಬೀರುವಿನ ಸೀರೆಗಳಡಿ, ಷೋಕೇಸಿನ ಕೆಳಗಿನ ಖಾನೆಯಲ್ಲಿ ಈಗಲೂ ಇವೆ. ಪ್ಲೇಯರ್ ಗುಜರಿಗೆ ಹೋಗಿರುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕಲು ಜಾಗವೇ ಇರುವುದಿಲ್ಲ. ಅವನ್ನು ಫೋನಿನಲ್ಲೂ ಟಿವಿಯಲ್ಲೂ ಓಡುವ ಫೈಲ್ ಮಾಡಿಕೊಡುವುದು ಈಗ ನನ್ನ ಕೆಲಸದ ದೊಡ್ಡ ಪಾಲು. ಅರಸೀಕೆರೆಯಲ್ಲಿ ಇದೇ ಮದುವೆಗಳ ಮಿಕ್ಸಿಂಗ್ ಮಾಡುತ್ತಿದ್ದವನು ನಾನು. ಆ ಡಿಸ್ಕಿನೊಳಗೆ ಏನು ಉಳಿದಿದೆ, ಏನು ಅಂದೇ ಹೋಯಿತು ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ.

ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಹಿಡಿದ ಒಂದು ಗಂಟೆಯ ಚಿತ್ರ ಕಂಪ್ಯೂಟರಿಗೆ ಬಂದಾಗ ಸುಮಾರು 13 ಜಿಬಿ ಆಗುತ್ತಿತ್ತು. ವಿಸಿಡಿ, ಅಂದರೆ ವಿಡಿಯೋ ಸೀಡಿ, ಮಾಡಬೇಕೆಂದರೆ ಅದನ್ನು 352 ಚುಕ್ಕಿ ಅಗಲ, 288 ಚುಕ್ಕಿ ಎತ್ತರಕ್ಕೆ ಕುಗ್ಗಿಸಿ, ಸೆಕೆಂಡಿಗೆ 1,150 ಕಿಲೋಬಿಟ್ ಎಂಬ ಕಟ್ಟುನಿಟ್ಟಿನ ಲೆಕ್ಕದಲ್ಲಿ ಒತ್ತಬೇಕು. 1993ರಲ್ಲಿ ಗೊತ್ತುಮಾಡಿದ ನಿಯಮ ಅದು. ಕೊನೆಗೆ ಉಳಿಯುತ್ತಿದ್ದದ್ದು ಇಪ್ಪತ್ತರಲ್ಲಿ ಒಂದು ಪಾಲು.

ಇಷ್ಟು ಒತ್ತಲು ಹೇಗೆ ಸಾಧ್ಯ? ಕಂಪ್ಯೂಟರ್ ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರ ಇಟ್ಟು, ನಡುವೆ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಮಂಟಪ, ಬಾಳೆಕಂಬ, ಕೂತ ಪುರೋಹಿತರು ಇದ್ದಲ್ಲೇ ಇರುವುದರಿಂದ ಅವಕ್ಕೆ ಖರ್ಚು ಕಡಿಮೆ. ಈಗ ಧಾರೆಯ ಗಳಿಗೆ ನೋಡಿ. ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಅನ್ನುತ್ತಾರೆ, ನಾಲ್ಕೂ ದಿಕ್ಕಿನಿಂದ ಅಕ್ಷತೆ ಹಾರುತ್ತದೆ, ಫ್ಲಾಶಿನ ಮೇಲೆ ಫ್ಲಾಶ್ ಬೀಳುತ್ತದೆ. ಪರದೆಯ ಒಂದೊಂದು ಮೂಲೆಯೂ ಕ್ಷಣಕ್ಷಣಕ್ಕೆ ಬೇರೆ. ಬರೆಯಬೇಕಾದದ್ದು ಏಕಾಏಕಿ ಹತ್ತುಪಟ್ಟಾದರೂ ಕೊಟ್ಟಿರುವ ಜಾಗ ಅದೇ 1,150 ಕಿಲೋಬಿಟ್. ಆಗ ಮುಖಗಳು ಚೌಕ ಚೌಕವಾಗಿ ಒಡೆಯುತ್ತವೆ. ತಾಳಿ ಕಟ್ಟುವ ಹೊತ್ತಿನ ಚಿತ್ರವೇ ಇಡೀ ಸೀಡಿಯಲ್ಲಿ ಕೆಟ್ಟದಾಗಿ ಕಾಣುವುದಕ್ಕೆ ಇದೇ ಕಾರಣ.

ಆಗ ಒಡೆದದ್ದು ಈಗ ಕೂಡುವುದಿಲ್ಲ. ಎಚ್‌ಡಿ ಮಾಡಿಕೊಡಿ ಎಂದು ಕೇಳುವವರಿಗೆ ಇದನ್ನು ನೇರವಾಗಿಯೇ ಹೇಳುತ್ತೇನೆ. 352 ಚುಕ್ಕಿಯನ್ನು 1,920ಕ್ಕೆ ಹಿಗ್ಗಿಸಿದರೆ ಫೈಲ್ ದೊಡ್ಡದಾಗುತ್ತದೆ, ಮುಖದಲ್ಲಿ ಹೊಸದೇನೂ ಮೂಡುವುದಿಲ್ಲ. ನಮ್ಮ ಕೈಯಲ್ಲಿರುವುದು ಇದ್ದದ್ದನ್ನು ಇನ್ನಷ್ಟು ಕಳೆಯದೆ ದಾಟಿಸುವುದು. ಅದಕ್ಕೆ ಮೊದಲು ಡಿಸ್ಕಿನಲ್ಲಿರುವುದನ್ನು ಇದ್ದ ಹಾಗೇ ನಕಲು ಮಾಡಿಕೊಳ್ಳಬೇಕು. ಒತ್ತುವ ಕೆಲಸ ಆಮೇಲೆ, ಅದೂ ಒಂದೇ ಸಲ. ಕನ್ವರ್ಟ್ ಆದದ್ದನ್ನು ಮತ್ತೆ ಕನ್ವರ್ಟ್ ಮಾಡಿದಷ್ಟೂ ಸವೆಯುತ್ತದೆ.

ಯುಎಸ್‌ಬಿ ಡಿವಿಡಿ ಡ್ರೈವ್ ಒಂದಿದ್ದರೆ ನಕಲು ಮನೆಯಲ್ಲೇ ಆಗುತ್ತದೆ. ವಿಸಿಡಿಯಾದರೆ ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿ ಎವಿಸೆಕ್01.ಡ್ಯಾಟ್ ಎಂಬ ಫೈಲ್ ಇರುತ್ತದೆ. ಹೆಸರು ಹೇಗಿದ್ದರೂ ಒಳಗಿರುವುದು ಎಂಪೆಗ್-1 ವಿಡಿಯೋ, ವಿಎಲ್‌ಸಿ ಪ್ಲೇಯರಿನಲ್ಲಿ ಓಡುತ್ತದೆ. ಡಿವಿಡಿಯಾದರೆ ವಿಡಿಯೋ ಟಿಎಸ್ ಫೋಲ್ಡರನ್ನು ಪೂರ್ತಿಯಾಗಿ ಎತ್ತಿಕೊಳ್ಳಿ. ಅದರಲ್ಲಿ ಒಂದೇ ಮದುವೆ ಸುಮಾರು ಒಂದೊಂದು ಜಿಬಿಯ ವಿಓಬಿ ಫೈಲುಗಳಾಗಿ ಕತ್ತರಿಸಿರುತ್ತದೆ. ಒಂದೊಂದನ್ನೇ ಬೇರೆ ಬೇರೆ ಕನ್ವರ್ಟ್ ಮಾಡಿದರೆ ಮಾತಿನ ನಡುವೆ ತುಂಡಾಗುತ್ತದೆ. ಫೋಲ್ಡರನ್ನೇ ಕೊಟ್ಟರೆ ಸಾಫ್ಟ್‌ವೇರ್ ತಾನಾಗಿ ಜೋಡಿಸಿಕೊಳ್ಳುತ್ತದೆ. ಮನೆಯ ಡಿಸ್ಕುಗಳಿಗೆ ಸಿನಿಮಾ ಡಿವಿಡಿಗಳಂಥ ಬೀಗ ಇರುವುದಿಲ್ಲ.

ಡಿಸ್ಕ್ ಓದದೆ ನಿಂತರೆ ಗಾಬರಿಯಾಗಬೇಡಿ. ಮೆತ್ತನೆಯ ಬಟ್ಟೆಯಲ್ಲಿ ಒಳಗಿನಿಂದ ಹೊರಕ್ಕೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಉಜ್ಜಬೇಡಿ. ಇನ್ನೊಂದು ಡ್ರೈವಿನಲ್ಲಿ ಹಾಕಿ ನೋಡಿ, ಒಂದು ಓದದ್ದನ್ನು ಇನ್ನೊಂದು ಎಷ್ಟೋ ಸಲ ಓದುತ್ತದೆ. ಡಿವಿಡಿಗೆ ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಸಿಕ್ಕುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಸೀಡಿಯಲ್ಲಿ ಚಿತ್ರ ಇರುವ ಪದರ ಹೆಸರು ಬರೆಯುವ ಮೇಲ್ಮೈಯ ಕೆಳಗೇ ಇದೆ, ಅದರ ಮೇಲಿರುವುದು ತೆಳ್ಳನೆಯ ಲೇಪ ಅಷ್ಟೇ. ವಧೂವರರ ಫೋಟೋ ಇರುವ ಸ್ಟಿಕ್ಕರ್ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಅದರ ಜೊತೆಗೆ ಮದುವೆಯೂ ಎದ್ದು ಬರುತ್ತದೆ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಭದ್ರವಾಗಿರುತ್ತದೆ.

ನಕಲು ಕೈಗೆ ಬಂದ ಮೇಲೆ ನಾನು ಬಳಸುವುದು ಹ್ಯಾಂಡ್‌ಬ್ರೇಕ್. ಕಾಸು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎಂಪಿ4 ಆರಿಸಿ, ವಿಡಿಯೋಗೆ ಎಚ್.264 ಆರಿಸಿ. ಎಚ್.265 ಇನ್ನೂ ಚಿಕ್ಕದಾಗಿಸುತ್ತದೆ, ಆದರೆ ಊರಲ್ಲಿ ಅಪ್ಪ ಅಮ್ಮ ನೋಡುವ ಹಳೆಯ ಟಿವಿಗೆ ಪೆನ್‌ಡ್ರೈವ್ ಚುಚ್ಚಿದರೆ ಓಡದೇ ಹೋಗಬಹುದು. ಆಮೇಲೆ ಮುಖ್ಯವಾದದ್ದು. ಇಷ್ಟೇ ಕಿಲೋಬಿಟ್ ಎಂದು ಕಟ್ಟಿಹಾಕಿದರೆ ಅಕ್ಷತೆಯ ಹೊತ್ತಿಗೆ ವಿಸಿಡಿಯಲ್ಲಾದದ್ದೇ ಮತ್ತೆ ಆಗುತ್ತದೆ. ಕಾನ್‌ಸ್ಟಂಟ್ ಕ್ವಾಲಿಟಿ ಎಂಬ ಆಯ್ಕೆಯಲ್ಲಿ ಗುಣಮಟ್ಟ ಗೊತ್ತುಮಾಡಿದರೆ, ಸುಮ್ಮನೆ ಕೂತ ದೃಶ್ಯಕ್ಕೆ ಕಡಿಮೆ, ಧಾರೆಗೆ ಹೆಚ್ಚು ಎಂದು ಸಾಫ್ಟ್‌ವೇರೇ ಹಂಚಿಕೊಳ್ಳುತ್ತದೆ. ಡಿವಿಡಿಗೆ 18ರಿಂದ 22ರ ಒಳಗೆ ಇಡಿ. ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನ. ನಾನು 19 ಇಡುತ್ತೇನೆ.

ಡಿವಿಡಿ ಕಾಲದ ಕ್ಯಾಮೆರಾಗಳು ಚಿತ್ರದ ಬೆಸ ಗೆರೆಗಳನ್ನೊಮ್ಮೆ, ಸರಿ ಗೆರೆಗಳನ್ನೊಮ್ಮೆ ಹಿಡಿಯುತ್ತಿದ್ದವು, ಸೆಕೆಂಡಿಗೆ 50 ಸಲ. ಹಳೆಯ ದಪ್ಪ ಟಿವಿಗೆ ಅದು ಹೊಂದುತ್ತಿತ್ತು. ಇಂದಿನ ಪರದೆಯಲ್ಲಿ ಆರತಿ ತಟ್ಟೆ ತಿರುಗಿದರೆ ಅದರ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು ಏಳುತ್ತವೆ. ಫಿಲ್ಟರ್ಸ್ ವಿಭಾಗದಲ್ಲಿ ಡೀಇಂಟರ್‌ಲೇಸ್ ಆರಿಸಿ, ಅದರಲ್ಲಿ ಬಾಬ್ ಎಂಬುದನ್ನು ಹಾಕಿದರೆ ಗೆರೆಯೂ ಹೋಗುತ್ತದೆ, ಚಲನೆಯೂ ನಯವಾಗಿ ಉಳಿಯುತ್ತದೆ. ವಿಸಿಡಿಗೆ ಇದು ಬೇಕಿಲ್ಲ. ಮುಖಗಳು ಅಗಲವಾಗಿ ಕಂಡರೆ ಯಾರೋ 4:3 ಚಿತ್ರವನ್ನು ಅಗಲ ಟಿವಿಗೆ ಎಳೆದಿದ್ದಾರೆಂದು ಅರ್ಥ. ಎರಡು ಪಕ್ಕ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ, ಮದುಮಗಳು ಅಂದು ಇದ್ದ ಹಾಗೆ ಕಾಣಲಿ.

ಇನ್ನು ಧ್ವನಿ. ಬಾಣಾವರದ ಕಡೆಯ ಒಬ್ಬ ಹೆಂಗಸು ವಿಸಿಡಿ ತಂದಿದ್ದರು. “ಅಣ್ಣಾ, ನನ್ ಮದ್ವೆ ನೋಡಕ್ಕಲ್ಲ. ನಮ್ಮವ್ವ ಸೋಬಾನೆ ಹೇಳಿರೋದು ಇದ್ರಾಗೆ ಎಲ್ಲೋ ಐತೆ. ಅದೊಂದು ಸಿಕ್ರೆ ಸಾಕು” ಅಂದರು. “ಪೂರ್ತಿ ಇಳಿಸ್ತೀನಿ, ಕೂತ್ಕಳಕ್ಕ” ಅಂದೆ. ಆ ಕಾಲದ ಮಿಕ್ಸಿಂಗಿನಲ್ಲಿ ನಿಜವಾದ ಸದ್ದನ್ನು ತಗ್ಗಿಸಿ ಮೇಲೆ ಸಿನಿಮಾ ಹಾಡು ಹಾಕುವುದೇ ರೂಢಿ. ಅರಿಶಿನ ಹಚ್ಚುವ ಶಾಸ್ತ್ರದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ, ನಿಮಿಷಕ್ಕೂ ಕಮ್ಮಿ, ಆ ತಾಯಿಯ ದನಿ ಇತ್ತು. ಹಿಂದೆ ಯಾರೋ ಬಳೆ ಸದ್ದು ಮಾಡುತ್ತಿದ್ದರು. ಆ ಹೆಂಗಸು ಹೆಡ್‌ಫೋನ್ ತೆಗೆಯದೆ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡರು.

ಇದಕ್ಕಾಗಿಯೇ ಧ್ವನಿಯನ್ನು ಮಾತ್ರ ಕುಗ್ಗಿಸಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ವಿಸಿಡಿಯ ಒಂದು ಗಂಟೆಯ ಧ್ವನಿ ಹಿಡಿಯುವುದು ಸುಮಾರು 100 ಎಂಬಿ, ಅದರಲ್ಲಿ ಉಳಿಸಿ ಗಳಿಸುವುದೇನೂ ಇಲ್ಲ. ಡಿವಿಡಿಯಲ್ಲಿ ಎಸಿ3 ಧ್ವನಿ ಇದ್ದರೆ ಪಾಸ್‌ಥ್ರೂ ಆರಿಸಿ, ಇದ್ದದ್ದು ಇದ್ದಂತೆ ದಾಟುತ್ತದೆ. ಇಲ್ಲದಿದ್ದರೆ ಎಎಸಿ 192ಕ್ಕೆ ಇಡಿ.

ವೇದಿಕೆಯ ಮೇಲೆ ಸಾಲಾಗಿ ಬಂದು ಮುಯ್ಯಿ ಕೊಟ್ಟು ಫೋಟೋಗೆ ನಿಲ್ಲುವ ಭಾಗ ಕತ್ತರಿಸಿಬಿಡಿ, ಬೋರು ಅನ್ನುತ್ತಾರೆ ಮಕ್ಕಳು. ನಾನು ಒಪ್ಪುವುದಿಲ್ಲ. ಕ್ಯಾಮೆರಾ ಅಲ್ಲಾಡದೆ ನಿಂತಿರುವುದರಿಂದ ಆ ಭಾಗ ಫೈಲಿನಲ್ಲಿ ಹೆಚ್ಚು ಜಾಗ ತಿನ್ನುವುದಿಲ್ಲ. ಎಷ್ಟೋ ಜನ ವಿಡಿಯೋದಲ್ಲಿ ಸಿಕ್ಕಿರುವುದು ಅಲ್ಲಿ ಮಾತ್ರ. ಗದ್ದೆ ಗೇಯುತ್ತಿದ್ದ ಆಳು, ಪಕ್ಕದ ಮನೆಯ ಅಜ್ಜಿ, ಸ್ಕೂಲಿನ ಮೇಷ್ಟ್ರು, ತಲಾ ಮೂರು ನಾಲ್ಕು ಸೆಕೆಂಡು. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಭಾಗ ಓಡಿಸಿ, ಯಾರು ಯಾರೆಂದು ಕೇಳಿ, ಎಷ್ಟನೇ ನಿಮಿಷ ಎಂಬುದರ ಜೊತೆಗೆ ಬರೆದುಕೊಂಡು ವಿಡಿಯೋ ಇರುವ ಫೋಲ್ಡರಿನಲ್ಲೇ ಇಡಿ.

ವಾಟ್ಸಾಪಿನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ತನ್ನ ಲೆಕ್ಕಕ್ಕೆ ಇನ್ನೊಮ್ಮೆ ಒತ್ತುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ. ಡಿಸ್ಕಿನಿಂದ ತೆಗೆದ ಮೂಲ ನಕಲು ಒಂದು ಡಿವಿಡಿಗೆ 4.7 ಜಿಬಿ ಮೀರುವುದು ಅಪರೂಪ. ಅದನ್ನು ಅಳಿಸದೆ ಎರಡು ಹಾರ್ಡ್‌ಡಿಸ್ಕಿನಲ್ಲಿಟ್ಟು, ಒಂದನ್ನು ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಡಿಸಿ. ಫೈಲಿನ ಹೆಸರಿನಲ್ಲಿ ವರ್ಷ, ಊರು, ಯಾರ ಮದುವೆ ಎಂಬುದಿರಲಿ. ಎವಿಸೆಕ್01 ಎಂಬ ಹೆಸರಿನಲ್ಲಿ ಹತ್ತು ಮನೆಗಳ ಮದುವೆ ನನ್ನ ಮೇಜಿನ ಮೇಲೆ ಒಟ್ಟಿಗೇ ಇರುತ್ತದೆ.