‘ರೆಕನ್ಸೈಲ್’ ಪದ: ಎಲ್ಲಿ, ಹೇಗೆ ಬಳಸೋದು?

ಇವತ್ತಿನ ಪದ ‘ರೆಕನ್ಸೈಲ್’. ಆಫೀಸ್ ಮೇಲ್‌ಗಳಲ್ಲಿ ಆಗಾಗ ನೋಡ್ತೀವಿ, ಆದ್ರೆ ನಾವೇ ಬರೆಯೋಕೆ ಕೂತಾಗ ಕೈ ತಡೆಯುತ್ತೆ. ಉಚ್ಚಾರಣೆಯಲ್ಲಿ ಒತ್ತು ಮೊದಲ ‘ರೆ’ ಮೇಲೆ. ಕೊನೆಗೆ ‘ಸೈಲ್’, ‘ಸಿಲ್’ ಅಲ್ಲ.

ಇದರ ಮೂಲ ಲ್ಯಾಟಿನ್. ‘ರೆ’ ಅಂದ್ರೆ ಮತ್ತೆ, ‘ಕಾನ್ಸಿಲಿಯಾರೆ’ ಅಂದ್ರೆ ಒಂದುಗೂಡಿಸು. ಈಗಿನ ಇಂಗ್ಲಿಷಲ್ಲಿ ಮೂರು ಮುಖ್ಯ ಬಳಕೆ ಇವೆ.

1. ಮನುಷ್ಯರ ನಡುವೆ. ‘ಶಿ ರೆಕನ್ಸೈಲ್ಡ್ ವಿತ್ ಹರ್ ಬ್ರದರ್’ ಅಂದ್ರೆ ಮುನಿಸು ಬಿಟ್ಟು ಅಣ್ಣನ ಜೊತೆ ಮತ್ತೆ ಒಂದಾದಳು. ಬರೀ ‘ರಾಜಿ’ ಅಂದ್ರೆ ಸಾಲದು. ಮನಸ್ಸು ಕೂಡದಿದ್ರೂ ರಾಜಿ ಆಗಬಹುದು, ಅದು ಕಾಂಪ್ರಮೈಸ್. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಕೊನೆಗೊಂಡ ಮೇಲೆ, 1995ರ ಕಾನೂನಿನಂತೆ ‘ಟ್ರೂತ್ ಅಂಡ್ ರೆಕನ್ಸಿಲಿಯೇಶನ್ ಕಮಿಷನ್’ ಬಂತು. ಅಧ್ಯಕ್ಷರು ಡೆಸ್ಮಂಡ್ ಟುಟು. ನೊಂದವರು ಎಲ್ಲರ ಮುಂದೆ ತಮ್ಮ ನೋವು ಹೇಳಿಕೊಂಡರು. ರಾಜಕೀಯ ಕಾರಣಕ್ಕೆ ಅಪರಾಧ ಮಾಡಿದವರು ನಡೆದದ್ದೆಲ್ಲ ಬಾಯಿಬಿಟ್ಟರೆ ಮಾತ್ರ ಕ್ಷಮಾದಾನಕ್ಕೆ ಅರ್ಹರು. ಹೆಸರಿನ ಕ್ರಮ ಗಮನಿಸಿ: ಮೊದಲು ಸತ್ಯ, ಆಮೇಲೆ ಒಂದಾಗೋದು.

2. ಲೆಕ್ಕದಲ್ಲಿ. ನಮ್ಮ ‘ತಾಳೆ ನೋಡೋದು’ ಇದೇ. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಮೊತ್ತ, ನಮ್ಮ ಪುಸ್ತಕ ಇನ್ನೊಂದು ಮೊತ್ತ ತೋರಿಸಿದ್ರೆ, ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕಿ ಸರಿಹೊಂದಿಸಬೇಕು. ಕುಬರ್ನೆಟಿಸ್ ಬಳಸೋರಿಗೆ ‘ರೆಕನ್ಸೈಲ್ ಲೂಪ್’ ಗೊತ್ತೇ ಇದೆ: ಮೂರು ಪಾಡ್ ಬೇಕು ಅಂತ ಬರೆದಿದೆ, ಓಡ್ತಿರೋದು ಎರಡೇ, ಕಂಟ್ರೋಲರ್ ಅದನ್ನ ನೋಡಿ ಇನ್ನೊಂದನ್ನ ಹುಟ್ಟಿಸುತ್ತೆ.

3. ‘ಟು’ ಜೊತೆ ಬಂದ್ರೆ ಹುಷಾರು! ‘ಐ ಆಮ್ ರೆಕನ್ಸೈಲ್ಡ್ ಟು ದ ನ್ಯೂ ರೋಲ್’ ಅಂದ್ರೆ ಹೊಸ ಕೆಲಸ ಖುಷಿ ಕೊಟ್ಟಿದೆ ಅಂತಲ್ಲ. ಇಷ್ಟವಿಲ್ಲದಿದ್ರೂ ವಿಧಿಯಿಲ್ಲದೆ ಒಪ್ಪಿಕೊಂಡಿದ್ದೀನಿ ಅಂತ. ಅಪ್ರೈಸಲ್ ಹೊತ್ತಲ್ಲಿ ಮ್ಯಾನೇಜರ್‌ಗೆ ಹೀಗೆ ಬರೆದ್ರೆ, ಇವರಿಗೆ ಇಲ್ಲಿ ಮನಸ್ಸಿಲ್ಲ ಅಂತಲೇ ಓದ್ಕೋತಾರೆ.

ಇನ್ನೊಂದು ಎಡವಟ್ಟು ನೋಡಿ. ‘ವಿ ಹ್ಯಾವ್ ರೆಕನ್ಸೈಲ್ಡ್ ವಿತ್ ದ ಕ್ಲೈಂಟ್’ ಅಂತ ಬರೆದ್ರೆ, ಓದಿದವರು ‘ಜಗಳ ಯಾವಾಗ ಆಯ್ತು?’ ಅಂತ ಕೇಳ್ತಾರೆ. ‘ವಿ ಹ್ಯಾವ್ ರೆಕನ್ಸೈಲ್ಡ್ ದ ನಂಬರ್ಸ್ ವಿತ್ ದ ಕ್ಲೈಂಟ್’ ಅಂತ ಬರೆಯಿರಿ. ‘ನಂಬರ್ಸ್’ ಅನ್ನೋ ಒಂದೇ ಪದ ಸೇರಿದ್ರೆ ಜಗಳ ಹೋಗಿ ಲೆಕ್ಕ ಬರುತ್ತೆ.

ಮುಂದಿನ ಮೇಲ್ ಕಳಿಸೋ ಮುಂಚೆ ಎರಡೇ ಪ್ರಶ್ನೆ ಕೇಳ್ಕೊಳ್ಳಿ: ರೆಕನ್ಸೈಲ್ ಮಾಡ್ತಿರೋದು ಏನನ್ನ? ಅದರ ಮುಂದೆ ಇರೋದು ‘ವಿತ್’ ಆ, ‘ಟು’ ಆ?